ನಾಯಿಗೆ ಗಿಫ್ಟ್ ಬಾಕ್ಸ್: ತಿಂಗಳ ಚಂದಾ ಒಳ್ಳೇದಾ, ಹಬ್ಬದ ಹ್ಯಾಂಪರ್ ಸಾಕಾ, ಮನೆಯಲ್ಲೇ ಕಟ್ಟೋದಾ?

ಕಳೆದ ದೀಪಾವಳಿಗೆ ನಮ್ಮ ಮನೆಗೆ ಒಂದು ಹ್ಯಾಂಪರ್ ಬಂತು. ನಮಗಲ್ಲ, ನಮ್ಮ ಬ್ರೂನೋಗೆ. ಯಜಮಾನರ ಗೆಳೆಯರೊಬ್ಬರು ಪ್ರೀತಿಯಿಂದ ಕಳಿಸಿದ್ದು. ಮೇಲೆ ಕೆಂಪು ರಿಬ್ಬನ್, ಒಳಗೆ ಬಣ್ಣದ ಕಾಗದದ ಚೂರುಗಳ ಹಾಸಿಗೆ. ಅದರ ಮೇಲೆ ಒಂದು ಬ್ಯಾಂಡಾನಾ, ಟೆನಿಸ್ ಚೆಂಡು, ಗಂಟು ಹಾಕಿದ ಹತ್ತಿ ಹಗ್ಗದ ಆಟಿಕೆ, ಬಿಸ್ಕತ್ತಿನ ಎರಡು ಪೊಟ್ಟಣ, ಪುಟ್ಟ ಶಾಂಪೂ ಬಾಟಲಿ. ಬ್ರೂನೋ 32 ಕೆಜಿಯ ಲ್ಯಾಬ್ರಡಾರ್. ಬ್ಯಾಂಡಾನಾ ಅವನ ಕತ್ತಿಗೆ ಒಂದು ಸುತ್ತೂ ಬರಲಿಲ್ಲ. ಬಿಸ್ಕತ್ತಿನ ಪೊಟ್ಟಣಗಳನ್ನು ಅಡುಗೆಮನೆಯ ತಕ್ಕಡಿಯ ಮೇಲಿಟ್ಟು ನೋಡಿದೆ. ಎರಡೂ ಸೇರಿ 150 ಗ್ರಾಂ. ಹಗ್ಗವನ್ನು ಅವನು ಒಂದೇ ಮಧ್ಯಾಹ್ನದಲ್ಲಿ ಎಳೆಎಳೆಯಾಗಿ ಬಿಚ್ಚಿ ಹಾಕಿದ.

ಮೂರನೇ ದಿನ ಬೆಳಿಗ್ಗೆ ವಾಕಿಂಗ್ ಹೋದಾಗ ಅವನ ಹಿಂದಿನಿಂದ ಒಂದು ಬಿಳಿ ನೂಲು ನೇತಾಡುತ್ತಿತ್ತು. ಎಳೆದುಬಿಡೋಣ ಅಂತ ಬಗ್ಗಿದೆ. ಏನನ್ನಿಸಿತೋ, ಮೊದಲು ಡಾಕ್ಟರಿಗೆ ಫೋನ್ ಮಾಡಿದೆ. "ಎಳೀಬೇಡಿ ಮೇಡಂ. ಒಳಗೆ ಇನ್ನೂ ಎಷ್ಟು ಉದ್ದ ಇದೆಯೋ ಗೊತ್ತಿಲ್ಲ. ಎಳೆದ್ರೆ ಕರುಳೇ ಕುಯ್ದುಹೋಗುತ್ತೆ. ಹಾಗೇ ಕರ್ಕೊಂಡು ಬನ್ನಿ" ಅಂದರು. ಸ್ಕ್ಯಾನ್ ಆಯಿತು, ಎರಡು ದಿನ ಅವರ ಕಣ್ಣಳತೆಯಲ್ಲೇ ಇಟ್ಟುಕೊಂಡರು. ಆಪರೇಷನ್ ಇಲ್ಲದೆ ನೂಲು ಹೊರಗೆ ಬಂತು. ಆ ಎರಡು ರಾತ್ರಿ ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ.

ಅದೇ ಬಾಕ್ಸು ನಮ್ಮ ಇನ್ನೊಂದು ನಾಯಿ ಚಿನ್ನಿಗೆ ಬಂದಿದ್ದರೆ ಏನೂ ಆಗುತ್ತಿರಲಿಲ್ಲ. ಅವಳು 16 ಕೆಜಿಯ ನಾಡುನಾಯಿ, ಬೀದಿಯಿಂದ ಬಂದವಳು. ಆಟಿಕೆ ಕೊಟ್ಟರೆ ಮೂಸಿ ನೋಡಿ, ಬಾಯಲ್ಲಿ ಕಚ್ಚಿಕೊಂಡು ಹೋಗಿ ಮಂಚದ ಕೆಳಗೆ ಬಚ್ಚಿಡುತ್ತಾಳೆ. ಅಷ್ಟೇ. ಹಾಗಾಗಿ "ಯಾವ ಬಾಕ್ಸ್ ಒಳ್ಳೇದು?" ಅಂತ ಯಾರಾದರೂ ಕೇಳಿದರೆ ನಾನು ಬೆಲೆಯ ಮಾತು ಆಮೇಲೆ ಎತ್ತುತ್ತೇನೆ.

ಮೊದಲು ಬಾಯಿ ನೋಡಿ

ಆಟಿಕೆ ಸಿಕ್ಕಾಗ ನಿಮ್ಮ ನಾಯಿ ಏನು ಮಾಡುತ್ತದೆ? ಹೊತ್ತು ತಿರುಗುತ್ತದಾ, ಹರಿದು ಚೆಲ್ಲುತ್ತದಾ, ಹರಿದು ನುಂಗುತ್ತದಾ? ನುಂಗುವ ನಾಯಿಗೆ ಹಗ್ಗ, ಹತ್ತಿ ತುಂಬಿದ ಬೊಂಬೆ, ಒಳಗೆ ಕೀಚ್ ಅನ್ನುವ ಪ್ಲಾಸ್ಟಿಕ್ ಪೀಪಿ ಇರುವ ಆಟಿಕೆ ಯಾವುದೂ ಬೇಡ. ಬಾಕ್ಸಿನಲ್ಲಿ ಅರ್ಧಕ್ಕರ್ಧ ಅವೇ ಇದ್ದರೆ ಆ ಬಾಕ್ಸ್ ಎಷ್ಟೇ ಅಗ್ಗವಾಗಿರಲಿ, ನಿಮಗಲ್ಲ. ಟೆನಿಸ್ ಚೆಂಡು ಎಸೆದು ತರಿಸಲು ಪರವಾಗಿಲ್ಲ. ಕೂತು ಅಗಿಯಲು ಬಿಡಬಾರದು. ಅದರ ಮೇಲಿನ ಒರಟು ಜುಂಗು ಹಲ್ಲನ್ನು ಸವೆಸುತ್ತದೆ. ಚೆಂಡು ಯಾವುದೇ ಇರಲಿ, ಗಂಟಲಲ್ಲಿ ಜಾರಿ ಇಳಿಯದಷ್ಟು ದಪ್ಪ ಇರಬೇಕು.

ಅಗಿಯುವ ವಸ್ತುಗಳಿಗೆ ಡಾಕ್ಟರುಗಳು ಹೇಳಿಕೊಡುವ ಒಂದು ಸುಲಭದ ಪರೀಕ್ಷೆ ಇದೆ. ಹೆಬ್ಬೆರಳಿನ ಉಗುರನ್ನು ಅದರ ಮೇಲೆ ಒತ್ತಿ. ಸ್ವಲ್ಪವಾದರೂ ಗುರುತು ಬೀಳಬೇಕು. ಬೀಳದಿದ್ದರೆ ಅದು ಹಲ್ಲಿಗೆ ತೀರಾ ಗಟ್ಟಿ. ಜಿಂಕೆಯ ಕೊಂಬು, ದನದ ಗೊರಸು, ಗಟ್ಟಿ ಮೂಳೆ ಎಲ್ಲ ಈ ಜಾತಿ. ಇವನ್ನು ಕಡಿಯಲು ಹೋಗಿ ಮೇಲಿನ ದೊಡ್ಡ ದವಡೆ ಹಲ್ಲು ಸೀಳುವುದು ಸಾಮಾನ್ಯ. ಹಿಮಾಲಯದ ಕಡೆಯ ಛುರ್ಪಿ, ಅಂದರೆ ಯಾಕ್ ಮತ್ತು ಹಸುವಿನ ಹಾಲಿನ ಗಟ್ಟಿ ಚೀಸ್, ಈಗ ಬಹಳಷ್ಟು ಬಾಕ್ಸುಗಳಲ್ಲಿ ಬರುತ್ತದೆ. ಇದರಲ್ಲೂ ತುಂಬಾ ಗಟ್ಟಿ ತುಂಡುಗಳಿರುತ್ತವೆ, ಉಗುರಿನ ಪರೀಕ್ಷೆ ಇಲ್ಲೂ ಮಾಡಿ. ಅಗಿದು ಅಗಿದು ಬೆರಳಷ್ಟು ಉಳಿದಾಗ ನಾಯಿ ಅದನ್ನು ಇಡಿಯಾಗಿ ನುಂಗಲು ನೋಡುತ್ತದೆ. ಆ ತುಂಡನ್ನು ಕಿತ್ತುಕೊಂಡು ಮೈಕ್ರೋವೇವ್‌ನಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಹಪ್ಪಳದ ಹಾಗೆ ಉಬ್ಬುತ್ತದೆ. ಪೂರ್ತಿ ಆರಿದ ಮೇಲೆ ಕೊಡಿ. ಇನ್ನು ಹಸಿ ತೊಗಲು ಒಣಗಿಸಿ ಮಾಡಿದ ಬಿಳಿ "ಮೂಳೆ" ಇದೆಯಲ್ಲ, ಅದನ್ನು ನಾನು ಮನೆಗೇ ತರುವುದಿಲ್ಲ. ನೆನೆದು ಊದಿದ ತುಂಡು ಗಂಟಲಲ್ಲೋ ಕರುಳಲ್ಲೋ ಸಿಕ್ಕಿಹಾಕಿಕೊಳ್ಳುತ್ತದೆ.

ತಿಂಡಿಯ ಲೆಕ್ಕ

ಬಾಕ್ಸುಗಳನ್ನು ಹೋಲಿಸುವಾಗ ಜನ ಐಟಂ ಎಣಿಸುತ್ತಾರೆ. "ಇದರಲ್ಲಿ ಏಳು ಐಟಂ, ಅದರಲ್ಲಿ ಐದೇ." ನೀವು ಗ್ರಾಂ ನೋಡಿ. ದಿನದ ಒಟ್ಟು ಕ್ಯಾಲರಿಯಲ್ಲಿ ಟ್ರೀಟು, ಚ್ಯೂ (ಅಗಿಯುವ ತಿಂಡಿ) ಎಲ್ಲ ಸೇರಿ ನೂರಕ್ಕೆ ಹತ್ತು ಭಾಗ ದಾಟಬಾರದು ಅನ್ನುವುದು ಪಶುವೈದ್ಯರ ಸಾಮಾನ್ಯ ನಿಯಮ. ನಮ್ಮ ಚಿನ್ನಿಯಷ್ಟು ತೂಕದ, ಸಂತಾನಹರಣ ಆಪರೇಷನ್ ಆದ ನಾಯಿಗೆ ದಿನಕ್ಕೆ ಸುಮಾರು 900 ಕ್ಯಾಲರಿ ಬೇಕು. ಅಂದರೆ ಟ್ರೀಟಿಗೆ ಸಿಗುವುದು 90. ಬ್ರೂನೋಗೆ 150ರ ಆಸುಪಾಸು. ಒಣ ಬಿಸ್ಕತ್ತಿನಲ್ಲಿ ಗ್ರಾಮಿಗೆ ಮೂರೂವರೆಯಿಂದ ನಾಲ್ಕು ಕ್ಯಾಲರಿ ಇರುತ್ತದೆ. ಆ ಲೆಕ್ಕದಲ್ಲಿ ಹ್ಯಾಂಪರಿನ 150 ಗ್ರಾಂ ಬ್ರೂನೋಗೆ ನಾಲ್ಕು ದಿನಕ್ಕೆ, ಚಿನ್ನಿಗೆ ಒಂದು ವಾರಕ್ಕೆ. ಐದು ಕೆಜಿಯ ಪೊಮೆರೇನಿಯನ್‌ಗಾದರೆ ಎರಡು ವಾರ ದಾಟುತ್ತದೆ. ತಿಂಗಳಿಗೆ ಅರ್ಧ ಕೆಜಿ ಟ್ರೀಟು ಕಳಿಸುವ ಚಂದಾ ಸಣ್ಣ ನಾಯಿಯ ಮನೆಗೆ ಬಂದರೆ, ಒಂದೋ ಡಬ್ಬಿಯಲ್ಲಿ ಹಳಸುತ್ತದೆ, ಇಲ್ಲವೇ ನಾಯಿಯ ಸೊಂಟ ಕಾಣದಂತಾಗುತ್ತದೆ.

ಲ್ಯಾಬ್ರಡಾರ್ ಸಾಕಿದವರು ಇದನ್ನು ಇನ್ನೂ ಜಾಸ್ತಿ ನೋಡಬೇಕು. ಕೇಂಬ್ರಿಜ್ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಸುಮಾರು ನಾಲ್ಕರಲ್ಲಿ ಒಂದು ಲ್ಯಾಬ್‌ಗೆ ಹಸಿವಿಗೆ ಸಂಬಂಧಿಸಿದ ಒಂದು ಜೀನ್‌ನಲ್ಲಿ ಬದಲಾವಣೆ ಇರುತ್ತದೆ. ಅಂಥ ನಾಯಿಗಳಿಗೆ ಊಟದ ಮೇಲೆ ಆಸೆ ಜಾಸ್ತಿ, ತೂಕವೂ ಜಾಸ್ತಿ. ಬ್ರೂನೋ ಬೇಡುವ ಕಣ್ಣಿನಲ್ಲಿ ನೋಡಿದಾಗಲೆಲ್ಲ ನನಗೆ ಇದು ನೆನಪಾಗುತ್ತದೆ, ಕೈ ಹಿಂದೆ ಸರಿಯುತ್ತದೆ.

ತಿಂಗಳ ಚಂದಾ

ದುಡ್ಡು ಕಟ್ಟಿದರೆ ತಿಂಗಳಿಗೊಂದು ಬಾಕ್ಸ್ ಮನೆಗೆ ಬರುವ ಈ ಪದ್ಧತಿಗೆ ದೊಡ್ಡ ಹೆಸರು ತಂದುಕೊಟ್ಟಿದ್ದು ಅಮೆರಿಕದ ಬಾರ್ಕ್‌ಬಾಕ್ಸ್. ನ್ಯೂಯಾರ್ಕಿನಲ್ಲಿ 2011ರಲ್ಲಿ ಶುರುವಾದ ಕಂಪನಿ. ನನ್ನ ತಂಗಿ ನ್ಯೂಜೆರ್ಸಿಯಲ್ಲಿದ್ದಾಳೆ, ಅವಳ ನಾಯಿಗೆ ಇದು ಪ್ರತಿ ತಿಂಗಳು ಬರುತ್ತದೆ. ಎರಡು ಆಟಿಕೆ, ಎರಡು ಪೊಟ್ಟಣ ಟ್ರೀಟು, ಒಂದು ಚ್ಯೂ. ತಿಂಗಳಿಗೊಂದು ಹೊಸ ಕಥೆಯ ಮೇಲೆ ಬಾಕ್ಸ್ ಕಟ್ಟುತ್ತಾರೆ. ಅದರಲ್ಲಿ ನನಗೆ ನಿಜವಾಗಿ ಮೆಚ್ಚಿಗೆಯಾಗಿದ್ದು ಬೇರೆ. ನಾಯಿಯ ಗಾತ್ರ ಕೇಳುತ್ತಾರೆ, ಯಾವುದಾದರೂ ಆಹಾರ ಆಗಿಬರುವುದಿಲ್ಲವಾ ಅಂತ ಕೇಳುತ್ತಾರೆ. ಸಿಕ್ಕಿದ್ದನ್ನೆಲ್ಲ ಹರಿದು ಹಾಕುವ ನಾಯಿಗಳಿಗೆ ಸೂಪರ್ ಚ್ಯೂಯರ್ ಅಂತ ಬೇರೆಯದೇ ಬಾಕ್ಸ್ ಇದೆ, ಅದರಲ್ಲಿ ಬಟ್ಟೆಯ ಬೊಂಬೆಗಳ ಬದಲು ಗಟ್ಟಿ ಆಟಿಕೆ. "ಅಕ್ಕಾ, ಬ್ರೂನೋಗೂ ಒಂದು ಕಳಿಸ್ಲಾ?" ಅಂತ ತಂಗಿ ಕೇಳಿದಳು. ಬೇಡ ಅಂದೆ. ಅವರು ಇಲ್ಲಿಗೆ ಕಳಿಸುವುದಿಲ್ಲ. ಅವಳೇ ಪಾರ್ಸೆಲ್ ಮಾಡಿದರೂ ಮಾಂಸದ ತಿಂಡಿ ಇರುವ ಪೊಟ್ಟಣ ಭಾರತಕ್ಕೆ ಬರಬೇಕೆಂದರೆ ಪಶುಸಂಗೋಪನಾ ಇಲಾಖೆಯ ಪರವಾನಗಿಯ ಮಾತು ಬರುತ್ತದೆ.

ನಮ್ಮಲ್ಲಿ ಚಂದಾ ಬಾಕ್ಸ್ ಕೊಡುವವರನ್ನು ಅಳೆಯಲು ನಾನು ಅದನ್ನೇ ಅಳತೆಗೋಲು ಮಾಡಿಕೊಂಡಿದ್ದೇನೆ. ದುಡ್ಡು ತೆಗೆದುಕೊಳ್ಳುವ ಮುಂಚೆ ನಾಯಿಯ ತೂಕ, ವಯಸ್ಸು, ಆಗದ ಆಹಾರ, ಅಗಿಯುವ ರೀತಿ, ಈ ನಾಲ್ಕನ್ನು ಕೇಳುತ್ತಾರಾ? ಬರೀ ಹೆಸರು, ಹುಟ್ಟಿದ ದಿನ ಕೇಳಿ ಸುಮ್ಮನಾದರೆ ಎಲ್ಲ ನಾಯಿಗೂ ಒಂದೇ ಬಾಕ್ಸ್ ಹೋಗುತ್ತದೆ ಅಂತಲೇ ಅರ್ಥ. ನಾಯಿಗಳಲ್ಲಿ ಆಹಾರದ ಅಲರ್ಜಿ ಜಾಸ್ತಿ ಕಾಣುವುದು ದನದ ಮಾಂಸ, ಹಾಲಿನ ಪದಾರ್ಥ, ಕೋಳಿ ಇವುಗಳಿಂದ. ಇಲ್ಲಿ ಸಿಗುವ ಟ್ರೀಟುಗಳಲ್ಲಿ ಹೆಚ್ಚಿನವು ಕೋಳಿಯದ್ದೇ. ಕೋಳಿ ತಿಂದರೆ ಕಿವಿ ಕೆರೆದುಕೊಳ್ಳುವ ನಾಯಿಗೆ ತಿಂಗಳು ತಿಂಗಳು ಕೋಳಿ ಜರ್ಕಿ (ಒಣಗಿಸಿದ ಮಾಂಸದ ಪಟ್ಟಿ) ಬಂದರೆ ಏನು ಪ್ರಯೋಜನ?

ಚಂದಾ ನಿಜಕ್ಕೂ ಹೊಂದುವುದು ಎರಡು ಥರದ ಮನೆಗೆ. ಒಂದು, ಆಟಿಕೆಯನ್ನು ತಿಂಗಳೊಳಗೆ ಮುಗಿಸುವ, ಆದರೆ ನುಂಗದ ನಾಯಿ ಇರುವ ಮನೆ. ಇನ್ನೊಂದು, ಹತ್ತಿರದಲ್ಲಿ ಒಳ್ಳೆಯ ಪೆಟ್ ಶಾಪ್ ಇಲ್ಲದ ಊರು. ಸಾಗರದಲ್ಲೋ ಮಡಿಕೇರಿಯ ತೋಟದ ಮನೆಯಲ್ಲೋ ಇದ್ದವರಿಗೆ ತಿಂಗಳಿಗೊಂದು ಬಾಕ್ಸ್ ಬಂದರೆ ಸಂತೋಷವೇ. ಆದರೆ ಮಳೆಗಾಲದಲ್ಲಿ ಮಲೆನಾಡು, ಕರಾವಳಿಯ ತೇವಕ್ಕೆ ಜರ್ಕಿ, ಒಣ ಮಾಂಸ ಒಂದೇ ವಾರದಲ್ಲಿ ಬೂಷ್ಟು ಹಿಡಿಯಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಾಕ್ಸ್ ನಿಲ್ಲಿಸಿಡಲು ಅವಕಾಶ ಇದೆಯಾ ಅಂತ ಮೊದಲೇ ಕೇಳಿ. ಇಲ್ಲದಿದ್ದರೆ ಸಣ್ಣ ಸಣ್ಣ ಪೊಟ್ಟಣವಾಗಿ ಸೀಲ್ ಮಾಡಿದ್ದನ್ನೇ ಆರಿಸಿ.

ನಾಯಿಮರಿಗೆ ಚಂದಾ ಒಳ್ಳೇದು ಅಂತ ತುಂಬಾ ಜನ ಹೇಳುತ್ತಾರೆ. ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಸುಮಾರು ಮೂರೂವರೆ ತಿಂಗಳಿಂದ ಆರೇಳು ತಿಂಗಳ ತನಕ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುತ್ತದೆ. ಆ ಹೊತ್ತಿಗೆ ಅಗಿಯಲು ಬೇಕೇ ಬೇಕು, ನಿಜ. ಆದರೆ ಮರಿಯ ಗಾತ್ರ ತಿಂಗಳು ತಿಂಗಳು ಬದಲಾಗುತ್ತದೆ, ಹೊಟ್ಟೆಯೂ ಸೂಕ್ಷ್ಮ. ಒಂದು ವರ್ಷದ ಚಂದಾ ಬೇಡ. ಮೂರು ತಿಂಗಳು ಸಾಕು.

ಹಬ್ಬದ, ಹುಟ್ಟುಹಬ್ಬದ ಹ್ಯಾಂಪರ್

ಒಂದೇ ಸಲದ ಖರ್ಚು, ಆಮೇಲೆ ತಲೆನೋವಿಲ್ಲ. 2008ರಲ್ಲಿ ಶುರುವಾದ ಹೆಡ್ಸ್ ಅಪ್ ಫಾರ್ ಟೇಲ್ಸ್‌ನಂಥ ದೊಡ್ಡ ಅಂಗಡಿಗಳಿಂದ ಹಿಡಿದು ಮನೆಯಲ್ಲೇ ನಾಯಿ ಕೇಕ್ ಮಾಡುವ ಹೆಣ್ಣುಮಕ್ಕಳವರೆಗೆ ಇದನ್ನು ಮಾಡುವವರಿದ್ದಾರೆ. ಮನೆಯಲ್ಲಿ ಮಾಡುವವರ ಹತ್ತಿರ ನನಗೆ ಇಷ್ಟವಾಗುವುದು, ಫೋನ್ ಮಾಡಿ "ಕೋಳಿ ಬೇಡ, ಮೊಟ್ಟೆ ಹಾಕಿ" ಅಂದರೆ ಹಾಗೇ ಮಾಡಿ ಕೊಡುತ್ತಾರೆ. ಆದರೆ ಅಲ್ಲೂ ಏನೇನು ಹಾಕಿದ್ದೀರಿ, ಎಂದು ಮಾಡಿದ್ದು ಅಂತ ಬರೆಸಿಕೊಳ್ಳಿ.

ಹ್ಯಾಂಪರಿನಲ್ಲಿ ದುಡ್ಡು ಹೋಗುವುದು ಬುಟ್ಟಿ, ರಿಬ್ಬನ್ನು, ಅಲಂಕಾರಕ್ಕೆ. ನಮಗೆ ಬಂದಿದ್ದರ ಬೆಲೆ 1,499 ರೂಪಾಯಿ ಅಂತ ಆಮೇಲೆ ಗೊತ್ತಾಯಿತು. ಅದರಲ್ಲಿದ್ದ ಸಾಮಾನನ್ನೇ ಹತ್ತಿರದ ಅಂಗಡಿಯಲ್ಲಿ ಬಿಡಿಬಿಡಿಯಾಗಿ ಕೇಳಿದೆ, 800 ದಾಟಲಿಲ್ಲ. ಉಡುಗೊರೆ ಅಂದಮೇಲೆ ಅಲಂಕಾರಕ್ಕೂ ಬೆಲೆ ಇದೆ, ಅದು ತಪ್ಪಲ್ಲ. ಕೊಡುವವರಿಗೆ ಗೊತ್ತಿರಬೇಕು, ಅಷ್ಟೇ.

ನನಗೆ ನಿಜವಾಗಿ ಭಯ ಇರುವುದು "ಮನೆಯವರಿಗೂ ನಾಯಿಗೂ" ಅಂತ ಒಂದೇ ಬುಟ್ಟಿಯಲ್ಲಿ ಕೊಡುವ ದೀಪಾವಳಿ ಹ್ಯಾಂಪರ್ ಬಗ್ಗೆ. ಒಂದು ಕಡೆ ಚಾಕೊಲೇಟು, ಒಣದ್ರಾಕ್ಷಿ, ಇನ್ನೊಂದು ಕಡೆ ನಾಯಿ ಬಿಸ್ಕತ್ತು. ನಾಯಿಗೆ ಬುಟ್ಟಿಯ ಗಡಿ ಗೊತ್ತಾಗುತ್ತದಾ? ಚಾಕೊಲೇಟಿನಲ್ಲಿರುವ ಥಿಯೋಬ್ರೊಮಿನ್ ಅದರ ಗುಂಡಿಗೆಗೆ, ನರಗಳಿಗೆ ವಿಷ. ಚಾಕೊಲೇಟು ಕಪ್ಪಾದಷ್ಟೂ ಕೆಟ್ಟದ್ದು. ದ್ರಾಕ್ಷಿ, ಒಣದ್ರಾಕ್ಷಿ ಕಿಡ್ನಿಯನ್ನೇ ಹಾಳು ಮಾಡಬಹುದು. ಎಷ್ಟು ತಿಂದರೆ ತೊಂದರೆ ಅಂತ ಗೆರೆ ಎಳೆದು ಹೇಳಲು ಬರುವುದಿಲ್ಲ. ಇದಕ್ಕೆ ಟಾರ್ಟಾರಿಕ್ ಆಮ್ಲ ಕಾರಣ ಇರಬೇಕು ಎಂದು ಅಮೆರಿಕದ ವಿಷವೈದ್ಯರು ಈಚಿನ ವರ್ಷಗಳಲ್ಲಿ ಹೇಳುತ್ತಿದ್ದಾರೆ. ಅದೇ ಆಮ್ಲ ನಮ್ಮ ಹುಣಸೆಹಣ್ಣಿನಲ್ಲಿ ಧಾರಾಳವಾಗಿದೆ, ಹುಣಸೆ ತಿಂದು ಕಿಡ್ನಿ ಕೆಟ್ಟ ನಾಯಿಗಳನ್ನೂ ಅವರು ಕಂಡಿದ್ದಾರೆ. ಹಬ್ಬದ ದಿನ ಪುಳಿಯೋಗರೆ ಮಾಡಿದವರು ನಾಯಿಗೆ ಒಂದು ತುತ್ತೂ ಹಾಕಬೇಡಿ. ಸಕ್ಕರೆ ಇಲ್ಲದ ಸಿಹಿ ಅಂತ ಬರುವ ಪದಾರ್ಥದಲ್ಲಿ, ಕೆಲವು ಪೀನಟ್ ಬಟರ್‌ನಲ್ಲಿ ಕ್ಸೈಲಿಟಾಲ್ ಎಂಬ ಸಿಹಿಕಾರಕ ಇರಬಹುದು. ಅದು ಇನ್ನೂ ಬೇಗ ಕೆಲಸ ಕೆಡಿಸುತ್ತದೆ, ರಕ್ತದ ಸಕ್ಕರೆ ಒಮ್ಮೆಲೇ ಇಳಿಯುತ್ತದೆ.

ಹ್ಯಾಂಪರಿನಲ್ಲಿ ಬರುವ, ಉಣ್ಣಿ, ಚಿಗಟ ಓಡಿಸುವ ಬೆಲ್ಟು, ಸ್ಪ್ರೇಗಳನ್ನು ಡಾಕ್ಟರನ್ನು ಕೇಳದೆ ಹಾಕಬೇಡಿ. ಅದರಲ್ಲಿ ಪರ್ಮೆಥ್ರಿನ್ ಎಂಬ ಕೀಟನಾಶಕ ಇದ್ದು ಮನೆಯಲ್ಲಿ ಬೆಕ್ಕೂ ಇದ್ದರೆ ಬೆಕ್ಕಿನ ಪ್ರಾಣಕ್ಕೇ ಅಪಾಯ. ಪಾದಕ್ಕೆ ಹಚ್ಚುವ ಮುಲಾಮಿನಲ್ಲಿ ನಾಯಿಗೆ ವಿಷವಾಗುವ ಟೀ ಟ್ರೀ ಎಣ್ಣೆ ಇದೆಯಾ ನೋಡಿ, ನಾಯಿ ಅದನ್ನು ನೆಕ್ಕಿಯೇ ನೆಕ್ಕುತ್ತದೆ.

ಬಟ್ಟೆ, ಬೆಲ್ಟು ಇರುವ ಹ್ಯಾಂಪರ್ ಆದರೆ ಅಳತೆ ಮುಖ್ಯ. ನಮ್ಮ ನಾಡಿನ ಮುಧೋಳ ನಾಯಿಯನ್ನೇ ನೋಡಿ. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದ ತಳಿ ಅದು. ಎದೆ ಆಳ, ಸೊಂಟ ಸಣ್ಣ, ಕತ್ತಿಗಿಂತ ತಲೆ ಕಿರಿದು. ಮೀಡಿಯಂ, ಲಾರ್ಜ್ ಅಂತ ಬರುವ ಅಂಗಿ ಎದೆಗೆ ಬಿಗಿ, ಹೊಟ್ಟೆಗೆ ಜೋಲು. ಮಾಮೂಲಿ ಬೆಲ್ಟು ಹಾಕಿದರೆ ಹಿಂದಕ್ಕೆ ಜಗ್ಗಿ ತಲೆ ಕಳಚಿಕೊಂಡು ಓಡಿಬಿಡುತ್ತದೆ. ಎಳೆದಾಗ ತಾನೇ ಬಿಗಿಯಾಗುವ, ಅಗಲದ ಮಾರ್ಟಿಂಗೇಲ್ ಬೆಲ್ಟೇ ಅದಕ್ಕೆ ಸರಿ.

ನಾವೇ ಕಟ್ಟುವ ಬುಟ್ಟಿ

ನನ್ನ ಮನಸ್ಸು ಇರುವುದು ಇಲ್ಲೇ. ಒಂದು ಗಟ್ಟಿ ರಬ್ಬರಿನ ಟೊಳ್ಳು ಆಟಿಕೆ ತನ್ನಿ, ಕಾಂಗ್ ಅನ್ನುವ ಬ್ರಾಂಡಿನ ಥರದ್ದು. ಅದರ ಕಥೆ ನನಗೆ ತುಂಬಾ ಇಷ್ಟ. ಅಮೆರಿಕದ ಜೋ ಮಾರ್ಕಮ್ 1970ರ ದಶಕದಲ್ಲಿ ಒಂದು ಜರ್ಮನ್ ಶೆಫರ್ಡ್ ಸಾಕಿದ್ದರು, ಹೆಸರು ಫ್ರಿಟ್ಜ್. ಅದು ಕಲ್ಲು ಕಡಿದು ಕಡಿದು ಹಲ್ಲು ಸವೆಸಿಕೊಳ್ಳುತ್ತಿತ್ತು. ಮಾರ್ಕಮ್ ತಮ್ಮ ಫೋಕ್ಸ್‌ವ್ಯಾಗನ್ ವ್ಯಾನ್ ರಿಪೇರಿ ಮಾಡುವಾಗ ಬಿಚ್ಚಿಟ್ಟ ಒಂದು ರಬ್ಬರ್ ಭಾಗವನ್ನು ಅದು ಬಿಡದೆ ಹಿಡಿದುಕೊಂಡಿತು. ಅಲ್ಲಿಂದ ಹುಟ್ಟಿದ ಆಟಿಕೆ.

ನಮ್ಮ ಮನೆಯಲ್ಲಿ ಅದರೊಳಗೆ ಹೋಗುವುದು ಮೊಸರನ್ನ. ಒಗ್ಗರಣೆ ಇಲ್ಲ, ಉಪ್ಪಿಲ್ಲ, ಈರುಳ್ಳಿಯಂತೂ ಇಲ್ಲವೇ ಇಲ್ಲ. ಅನ್ನವನ್ನು ಮೆತ್ತಗೆ ಕಿವುಚಿ, ಒಂದು ಚಮಚ ಮೊಸರು ಹಾಕಿ, ಬೇಯಿಸಿದ ಕ್ಯಾರೆಟ್ ಸಣ್ಣಗೆ ಹೆಚ್ಚಿ ಸೇರಿಸಿ, ಆಟಿಕೆಯ ಬಾಯಿಯೊಳಗೆ ಬೆರಳಿನಿಂದ ತುರುಕಿ ಫ್ರೀಜರಿನಲ್ಲಿ ಇಡುತ್ತೇನೆ. ಸಂಜೆ ಕೊಟ್ಟರೆ ಬ್ರೂನೋ ಮುಂಗಾಲುಗಳ ಮಧ್ಯೆ ಒತ್ತಿ ಹಿಡಿದು, ನಾಲಿಗೆ ಒಳಗೆ ತೂರಿಸಿ, ಮುಕ್ಕಾಲು ಗಂಟೆ ನೆಕ್ಕುತ್ತಾನೆ. ಪಟಾಕಿಯ ಸದ್ದಿಗೆ ನಡುಗುವವನು ಆ ಹೊತ್ತಿನಲ್ಲಿ ತಲೆ ಎತ್ತಲಿಲ್ಲ. ಅದೇ ಆಟಿಕೆ ಎರಡು ವರ್ಷದಿಂದ ನಡೆಯುತ್ತಿದೆ. ಹಾಲಿನ ಪದಾರ್ಥ ಆಗದ ನಾಯಿಗೆ ಮೊಸರಿನ ಬದಲು ರಾಗಿ ಗಂಜಿ ಹಾಕಿ.

ಇದರ ಜೊತೆಗೆ ಬೇಯಿಸಿ ಒಣಗಿಸಿದ ಗೆಣಸಿನ ಹೋಳು, ರಾಗಿಹಿಟ್ಟು ಮೊಟ್ಟೆ ಕಲಸಿ ಸುಟ್ಟ ಬಿಸ್ಕತ್ತು, ಹಳೆಯ ಸೀರೆಯ ಮೆತ್ತನೆ ಹೊದಿಕೆ. ಬೇಕಾದರೆ ಅಂಗಡಿಯಿಂದ ಒಂದು ಪೊಟ್ಟಣ ಟ್ರೀಟು. ಮನೆಯ ತಿಂಡಿಗೆ ಸಂರಕ್ಷಕ ಹಾಕಿರುವುದಿಲ್ಲ, ಫ್ರಿಜ್‌ನಲ್ಲಿಟ್ಟು ನಾಲ್ಕೈದು ದಿನದಲ್ಲಿ ಮುಗಿಸಿ. ಎಳನೀರು ಬುರುಡೆ, ತೆಂಗಿನ ಸಿಪ್ಪೆ ಕೊಡುವ ಅಭ್ಯಾಸ ನಮ್ಮ ಕಡೆ ಇದೆ. ನಾಯಿಗೆ ಖುಷಿ, ಒಪ್ಪುತ್ತೇನೆ. ಆದರೆ ನಾರು ನುಂಗುವ ನಾಯಿಗೆ ಅದೂ ಹಗ್ಗದಷ್ಟೇ ಕೆಟ್ಟದ್ದು.

ಕಷ್ಟ ಇರುವುದು ಸಮಯದ್ದು. ಇಬ್ಬರೂ ಕೆಲಸಕ್ಕೆ ಹೋಗಿ ರಾತ್ರಿ ಎಂಟಕ್ಕೆ ಮನೆ ಸೇರುವವರಿಗೆ ಗೆಣಸು ಒಣಗಿಸಿ ಅಂತ ಹೇಳಲಾರೆ. ಅಂಥವರು ಆಟಿಕೆ ತಾವೇ ಆರಿಸಿ, ತಿಂಡಿ ಮಾತ್ರ ಅಂಗಡಿಯದು ತೆಗೆದುಕೊಂಡರೆ ಸಾಕು.

ದುಡ್ಡು ಕಟ್ಟುವ ಮುಂಚೆ

ಮೊದಲ ಸಲ ನಾನು ಆರು ತಿಂಗಳ ಚಂದಾ ಒಟ್ಟಿಗೆ ಕಟ್ಟಿದ್ದೆ, ರಿಯಾಯಿತಿ ಇದೆ ಅಂತ. ಮೂರು ಬಾಕ್ಸ್ ಬಂತು. ಆಮೇಲೆ ಫೋನ್ ಎತ್ತುವವರೇ ಇಲ್ಲ. ಹಾಗಾಗಿ ಹೇಳುತ್ತೇನೆ, ಒಂದು ತಿಂಗಳದ್ದು ತೆಗೆದುಕೊಂಡು ನೋಡಿ, ರಿಯಾಯಿತಿ ಹೋದರೆ ಹೋಗಲಿ. ತಿಂಗಳು ತಿಂಗಳು ತಾನಾಗಿಯೇ ದುಡ್ಡು ಕಡಿತವಾಗುವ ಚಂದಾಕ್ಕೆ ರಿಸರ್ವ್ ಬ್ಯಾಂಕಿನ ನಿಯಮ 2021ರ ಅಕ್ಟೋಬರ್‌ನಿಂದ ಜಾರಿಯಲ್ಲಿದೆ. ಕಡಿತಕ್ಕೆ ಕನಿಷ್ಠ 24 ಗಂಟೆ ಮುಂಚೆ ನಿಮಗೆ ಸಂದೇಶ ಬರಬೇಕು. ಯುಪಿಐ ಆಟೋಪೇ ಆಗಿದ್ದರೆ ನಿಮ್ಮ ಆ್ಯಪಿನಲ್ಲೇ ಹೋಗಿ ಅದನ್ನು ರದ್ದು ಮಾಡಬಹುದು, ಕಂಪನಿಯನ್ನು ಕಾಡಿ ಬೇಡಬೇಕಿಲ್ಲ. ಸೇರುವುದು ಸುಲಭ, ಬಿಡುವುದು ಕಷ್ಟ ಅನ್ನುವಂತೆ ಮಾಡಿಟ್ಟ ಚಂದಾವನ್ನು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ತಪ್ಪು ವ್ಯವಹಾರಗಳ ಪಟ್ಟಿಗೆ ಸೇರಿಸಿದೆ. ದೂರು ಕೊಡಲು 1915ಕ್ಕೆ ಫೋನ್ ಮಾಡಿ. ನಾನು ಆಗ ಮಾಡಲಿಲ್ಲ, ಮಾಡಬೇಕಿತ್ತು.

ಬೇರೆಯವರ ನಾಯಿಗೆ ಕೊಡುವಾಗ

ಇಲ್ಲಿ ಚಂದಾ ಕೊಡಲೇಬೇಡಿ. ಆ ಮನೆಯವರಿಗೆ ಬೇಡ ಅನ್ನಲು ಸಂಕೋಚ, ನಾಯಿಗೆ ಆಗದ ತಿಂಡಿ ತಿಂಗಳು ತಿಂಗಳು ಬರುತ್ತಿರುತ್ತದೆ. ಒಂದು ಹ್ಯಾಂಪರ್ ಅಥವಾ ನೀವೇ ಕಟ್ಟಿದ ಬುಟ್ಟಿ ಸಾಕು. ಅಚ್ಚರಿ ಕೊಡಬೇಕು ಅಂತ ಸುಮ್ನೆ ಕಳಿಸಿಬಿಡಬೇಡಿ. ಮೊದಲೇ ಕೇಳಿ: ತೂಕ ಎಷ್ಟು, ಏನು ಆಗಿಬರುವುದಿಲ್ಲ, ಆಟಿಕೆ ನುಂಗುತ್ತದಾ, ಔಷಧ ಏನಾದರೂ ನಡೆಯುತ್ತಿದೆಯಾ. ಹತ್ತು ವರ್ಷ ದಾಟಿದ, ಕಿಡ್ನಿ ತೊಂದರೆ ಇರುವ ನಾಯಿಗೆ ತಿಂಡಿಯ ಬುಟ್ಟಿಯೇ ಬೇಡ. ಕೀಲುನೋವಿಗೆ ಹಿತವಾಗುವ ದಪ್ಪ ಹಾಸಿಗೆ, ಇಲ್ಲವೇ ಕಾಲು ಜಾರದ ಹಾಗೆ ನೆಲಕ್ಕೆ ಹಾಸುವ ಒಂದು ರಬ್ಬರ್ ಮ್ಯಾಟ್ ಕೊಡಿ.

ಈ ಸಲ ಯಜಮಾನರ ಗೆಳೆಯರು ಮಹಾಲಯಕ್ಕೇ ಫೋನ್ ಮಾಡಿದ್ದರು. ಬ್ರೂನೋ ತೂಕ ಕೇಳಿ ಬರೆದುಕೊಂಡರು. "ಚಿನ್ನಿಗೆ ಏನಿಷ್ಟ ಅಕ್ಕ?" ಅಂದರು. ಒಣ ಮೀನು ಅಂದೆ, ಉಪ್ಪು ಹಾಕದ್ದು.